ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ

ಹನಕೆರೆಯಿಂದಲೂ ಸುತ್ತಲ ಊರುಗಳಿಂದಲೂ ಶಿವರಾತ್ರಿಗೆ, ಯುಗಾದಿಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಅಣ್ಣಂದಿರಿಗೆ, ತಮ್ಮಂದಿರಿಗೆ, ತಾಯಂದಿರಿಗೆ, ಅಕ್ಕ-ತಂಗಿಯರಿಗೆ ಈ ಕಾಗದ.

ಹೊರಡುವ ದಿನ ಹತ್ತಿರವಾದಂತೆ ಪರಸೆಯ ಮಾತು ಎಲ್ಲರ ಬಾಯಲ್ಲೂ ಇದೆ. ಮಳವಳ್ಳಿಯಲ್ಲಿ ರಾತ್ರಿ ಎಲ್ಲಿ ಉಳಿಯುವುದು, ಕೊಳ್ಳೇಗಾಲ ದಾಟಿದ ಮೇಲೆ ಊಟ ಯಾರದು, ಸಾಮಾನು ಹೊರುವ ಟೆಂಪೋ ಯಾರು ತರುತ್ತಾರೆ, ಹನೂರಿನಲ್ಲಿ ಸ್ನಾನಕ್ಕೆ ನೀರು ಸಿಗುತ್ತದೆಯೋ ಇಲ್ಲವೋ ಎಂದು ಒಂದೊಂದನ್ನೂ ಲೆಕ್ಕ ಹಾಕುತ್ತೇವೆ. ಸೊಳ್ಳೆ, ಉಣ್ಣೆ, ಹೆಜ್ಜೇನಿನ ಮಾತು ಮಾತ್ರ ಬರುವುದಿಲ್ಲ. ಯಾರಾದರೂ ಎತ್ತಿದರೆ ‘ಮಾದಪ್ಪ ನೋಡ್ಕೋತಾನೆ ಬಿಡಣ್ಣ’ ಎಂದು ಅಲ್ಲಿಗೇ ಮುಗಿಸುತ್ತಾರೆ. ಆರೋಗ್ಯ ಇಲಾಖೆಯಲ್ಲಿ ಮನೆಮನೆ ಸುತ್ತಿ, ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪನ ತೆಗೆಯುತ್ತಾ ನೌಕರಿ ಮುಗಿಸಿದವನು ನಾನು. ನಿಮ್ಮ ಜೊತೆ ಆ ದಾರಿ ನಡೆದವನೂ ಹೌದು. ಆ ಎರಡು ಹಕ್ಕಿನಿಂದ ಈ ಕಾಗದ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಟ್ಟದಿಂದ ಬಂದ ಮೇಲೆ ಮೂರು ವಾರದೊಳಗೆ ಜ್ವರ ಬಂದರೆ ಅದು ದಾರಿಯ ಆಯಾಸ ಎಂದು ಮನೆಯಲ್ಲಿ ಮಲಗಬೇಡಿ. ಬಿಸಿಲು ತಗುಲಿತು, ನೀರು ಬದಲಾಯಿತು ಎಂದೂ ಸಮಾಧಾನ ಮಾಡಿಕೊಳ್ಳಬೇಡಿ. ಆಸ್ಪತ್ರೆಗೆ ಹೋಗಿ, ‘ಕಾಡುದಾರಿಯಲ್ಲಿ ನಡೆದು ಬಂದಿದ್ದೇನೆ’ ಎಂದು ವೈದ್ಯರಿಗೆ ನೀವಾಗಿ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ಮುಂದೆ ಬರೆದಿರುವುದೆಲ್ಲ ಈ ಮಾತು ಯಾಕೆ ಹೇಳುತ್ತಿದ್ದೇನೆ ಎನ್ನುವುದಕ್ಕೆ.

ನಡೆದವರಿಗೆಲ್ಲ ಮೈಕೈ ನೋವು ಇದ್ದದ್ದೇ. ಮದ್ದೂರು, ಕೆ.ಎಂ.ದೊಡ್ಡಿ, ಮಳವಳ್ಳಿ, ಸತ್ತೇಗಾಲ, ಕೊಳ್ಳೇಗಾಲ, ಹನೂರು, ರಾಮಾಪುರ, ಕೌದಳ್ಳಿ, ತಾಳುಬೆಟ್ಟ ಎಂದು ನೂರು ಕಿಲೋಮೀಟರ್ ಮೀರಿ ನಡೆದವನಿಗೆ ತೊಡೆ, ಸೊಂಟ, ಕುತ್ತಿಗೆ ನೋಯದೆ ಇರುತ್ತದೆಯೇ? ಕಚ್ಚುವ ಹುಳುಗಳಿಂದ ಬರುವ ಜ್ವರಗಳೂ ಹೀಗೇ ಶುರುವಾಗುತ್ತವೆ. ತಲೆನೋವು, ಮೈಯೆಲ್ಲ ಮುರಿದುಹಾಕಿದಂಥ ನೋವು, ಸುಸ್ತು. ಒಂದು ನೋವಿನ ಮರೆಯಲ್ಲಿ ಇನ್ನೊಂದು ಅಡಗಿ ಕೂರುತ್ತದೆ. ಅದರ ಮೇಲೆ ನಮ್ಮಲ್ಲಿ ಬಹಳ ಜನ ದಾರಿಯುದ್ದಕ್ಕೂ ನೋವಿನ ಮಾತ್ರೆ ನುಂಗುತ್ತಾ ಹೋಗುತ್ತಾರೆ. ಆ ಮಾತ್ರೆ ಕಾಲುನೋವಿನ ಜೊತೆಗೆ ಜ್ವರವನ್ನೂ ಇಳಿಸಿ ಮರೆಮಾಚುತ್ತದೆ. ಡೆಂಗಿಯಂಥ ಜ್ವರವಿದ್ದಾಗ ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಉಳಿದದ್ದನ್ನು ವೈದ್ಯರು ಹೇಳಲಿ.

ಇನ್ನು ಹರಕೆಯ ಮಾತು. ಬರಿಗಾಲಲ್ಲಿ ನಡೆಯುತ್ತೇನೆ ಎಂದು ಹೇಳಿಕೊಂಡವರಿದ್ದಾರೆ, ಒಪ್ಪತ್ತು ಇರುವವರಿದ್ದಾರೆ, ಬೆಟ್ಟದಲ್ಲಿ ಉರುಳುಸೇವೆ ಮಾಡುವವರಿದ್ದಾರೆ. ಅವರ ಭಕ್ತಿಗೆ ನಾನು ತಲೆಬಾಗುತ್ತೇನೆ. ಸೊಳ್ಳೆ ಕೈಲಿ ಕಚ್ಚಿಸಿಕೊಳ್ಳುತ್ತೇನೆ ಎಂದು ಮಾದಪ್ಪನಿಗೆ ಯಾರೂ ಹರಕೆ ಹೊತ್ತಿಲ್ಲ. ಆದರೂ ಮುಲಾಮು ಹಚ್ಚಿಕೊಂಡವನನ್ನು, ಪರದೆ ಕಟ್ಟಿಕೊಂಡವನನ್ನು ಕಂಡು ‘ಏನಪ್ಪಾ, ಸುಖಕ್ಕೆ ಬಂದಿದ್ದೀಯಾ’ ಅನ್ನುವ ಮಾತು ನಮ್ಮ ಗುಂಪುಗಳಲ್ಲಿ ಕೇಳಿಬರುತ್ತದೆ. ದಯವಿಟ್ಟು ಆ ಮಾತು ನಿಲ್ಲಲಿ. ಆ ಮಲೆಯಲ್ಲೇ ಹುಟ್ಟಿ ಬೆಳೆದ ಸೋಲಿಗರನ್ನು ನೋಡಿ. ಮಾದಪ್ಪನ ಕಥೆಯಲ್ಲಿ ಬರುವ ಸಂಕಮ್ಮ, ನೀಲೇಗೌಡರು ಅದೇ ಕುಲದವರು. ಹೆಜ್ಜೇನು ಇಳಿಸುವ ಸೋಲಿಗರು ಹೊತ್ತು ನೋಡುತ್ತಾರೆ, ಗಾಳಿ ನೋಡುತ್ತಾರೆ, ಹೊಗೆ ಸಿದ್ಧ ಮಾಡಿಕೊಂಡು ಹೆಚ್ಚಾಗಿ ರಾತ್ರಿಯ ಕತ್ತಲಲ್ಲಿ ಏರುತ್ತಾರೆ. ಕಾಡನ್ನು ಅಷ್ಟು ಬಲ್ಲವರೇ ಅಷ್ಟು ಎಚ್ಚರದಿಂದಿರುವಾಗ ವರ್ಷಕ್ಕೊಮ್ಮೆ ಹೋಗುವ ನಮಗೆ ಬೇಡವೇ?

ನಮ್ಮ ದಾರಿಯ ಮೊದಲ ಅರ್ಧ ಸೊಳ್ಳೆಯ ಸೀಮೆ. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಈಗ ನಾವು ವಿ.ಸಿ.ನಾಲೆ ಅನ್ನುವುದರಲ್ಲಿ, ಹರಿದು ಬಂದು ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳೆಲ್ಲ ಗದ್ದೆಗಳಾದವು. ಭತ್ತ, ಕಬ್ಬು ಕೊಟ್ಟ ಆ ನೀರಿನ ಜೊತೆಗೆ ಮಲೇರಿಯಾವೂ ಬಂತು. ಹೊಟ್ಟೆಯಲ್ಲಿ ಗುಲ್ಮ ಬೆಳೆದ ಮಕ್ಕಳನ್ನು ಕಂಡ ಹಿರಿಯರು ನಾನು ನೌಕರಿಗೆ ಸೇರಿದಾಗ ಊರೂರಲ್ಲೂ ಇದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಡಿಡಿಟಿ ಸಿಂಪಡಿಸುವವರು ಮನೆ ಹೊಕ್ಕ ಮೇಲೆ ಅದು ಇಳಿಯಿತು. ಸೊಳ್ಳೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಾಘ, ಫಾಲ್ಗುಣದಲ್ಲಿ ಬೇಸಿಗೆ ಭತ್ತದ ನಾಟಿಯಾಗಿ ಗದ್ದೆಯಲ್ಲಿ ತೆಳುವಾಗಿ ನೀರು ನಿಂತಿರುತ್ತದೆ. ನಾವು ಹೊರಡುವುದೂ ಆಗಲೇ.

ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆಗಳಲ್ಲಿ ಒಂದು ಜಾತಿ ಮಿದುಳು ಜ್ವರವನ್ನು ಹರಡುತ್ತದೆ. ಆ ವೈರಸ್ ಇರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಹಂದಿಗಳಲ್ಲಿ. ಅಲ್ಲಿಂದ ಸೊಳ್ಳೆಯ ಮೂಲಕ ನಮಗೆ ಬರುತ್ತದೆ, ಹೆಚ್ಚಾಗಿ ಬಲಿಯಾಗುವವರು ಮಕ್ಕಳು. ಮಂಡ್ಯ ಜಿಲ್ಲೆಗೆ ಈ ಕಾಯಿಲೆ ಹೊಸದಲ್ಲ, ಅದಕ್ಕೇ ನಮ್ಮಲ್ಲಿ ಮಕ್ಕಳಿಗೆ ಅದರ ಲಸಿಕೆ ಹಾಕುತ್ತಾರೆ. ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಡುವ ತಂದೆತಾಯಿಯರು ಮೊದಲು ತಾಯಿ ಕಾರ್ಡು ತೆಗೆದು ಎರಡೂ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಆ ಮಗುವನ್ನು ಈ ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ.

ಕ್ಯುಲೆಕ್ಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಬಿಸಿಲಿಗೆ ಹೆದರಿ ನಾವು ನಡೆಯುವುದೂ ಅದೇ ಹೊತ್ತು, ಮಲಗುವುದೂ ಅದೇ ಹೊತ್ತು. ನಡೆಯುವಾಗ ಅಷ್ಟು ಕಚ್ಚುವುದಿಲ್ಲ. ಕಾಲು ಚಾಚಿ ಕೂತ ಕೂಡಲೇ ಮುತ್ತಿಕೊಳ್ಳುತ್ತವೆ. ನಾಲೆ ಏರಿಯ ಮೇಲೆ, ಗದ್ದೆ ಬದಿಯ ಮರದ ಕೆಳಗೆ ತಂಪಾಗಿದೆ ಎಂದು ಮಲಗುವವರು ಬಹಳ. ಐನೂರು ಹೆಜ್ಜೆ ಮುಂದೆ ಹೋಗಿ ಊರೊಳಗಿನ ಶಾಲೆಯ ಜಗಲಿಯೋ ಗುಡಿಯ ಪ್ರಾಂಗಣವೋ ಹಿಡಿಯಿರಿ. ನೀರಿನಿಂದ ದೂರವಿದ್ದಷ್ಟೂ ಒಳ್ಳೆಯದು. ಫ್ಯಾನಿರುವ ಕಲ್ಯಾಣಮಂಟಪ ಸಿಕ್ಕರಂತೂ ಬಿಡಬೇಡಿ, ಜೋರು ಗಾಳಿಯಲ್ಲಿ ಸೊಳ್ಳೆ ಹಾರಲಾರದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಇಪ್ಪತ್ತು ಜನ ಮಲಗುವುದು ಎದೆಗೆ ಕೆಟ್ಟದ್ದು. ಬಯಲಲ್ಲಿ ಹಚ್ಚಿದರೆ ಹೊಗೆ ಗಾಳಿಗೆ ಹೋಗುತ್ತದೆ, ಸೊಳ್ಳೆ ಉಳಿಯುತ್ತದೆ.

ಎಲ್ಲಕ್ಕಿಂತ ಮೇಲು ಪರದೆ. ನೈಲಾನಿನ ಒಂಟಿ ಪರದೆ ಮಡಚಿದರೆ ಒಂದು ಟವಲಿನಷ್ಟೂ ಜಾಗ ತಿನ್ನುವುದಿಲ್ಲ. ನಾಲ್ಕು ಕೋಲು, ಒಂದು ಹಗ್ಗ ಇದ್ದರೆ ಜಗಲಿಯ ಕಂಬಕ್ಕೆ ಕಟ್ಟಿಕೊಳ್ಳಬಹುದು. ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ, ಕೋಸಂಬರಿ, ಅನ್ನ ಕೊಡುವ ಪುಣ್ಯಾತ್ಮರಲ್ಲಿ ನನ್ನದೊಂದು ಬೇಡಿಕೆ. ನಮ್ಮ ಪರಸೆಯಲ್ಲಿ ಯಾರೂ ಹಸಿದು ಮಲಗುವುದಿಲ್ಲ, ಅನ್ನ ಕೊಡುವ ಕೈ ಅಷ್ಟಿದೆ. ಈ ಸಲ ಒಂದಿಬ್ಬರು ಅದೇ ದುಡ್ಡಿನಲ್ಲಿ ಪರದೆ ಕೊಡಿಸಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮೊದಲು ಕೊಡಿ. ಹಿಂದಿರುಗಿದ ಮೇಲೆ ಒಗೆದು ಊರ ಗುಡಿಯಲ್ಲಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ.

ಮೈಗೆ ಹಚ್ಚುವ ಮುಲಾಮಿನ ಬಗ್ಗೆ ಎರಡು ಮಾತು. ಔಷಧಿ ಅಂಗಡಿಯಲ್ಲಿ ಸಿಗುವ ಓಡೋಮಸ್‌ನಂಥವು ಕೆಲವು ಗಂಟೆ ಕೆಲಸ ಮಾಡುತ್ತವೆ. ನಾವೋ ಬೆವರುತ್ತೇವೆ, ದಾರಿಯಲ್ಲಿ ಸಿಕ್ಕ ನಲ್ಲಿಗೆಲ್ಲ ಕಾಲು ತೊಳೆಯುತ್ತೇವೆ. ತೊಳೆದ ಮೇಲೆ ಮತ್ತೆ ಹಚ್ಚಬೇಕು. ಬೇವಿನ ಎಣ್ಣೆಯೂ ಆಗುತ್ತದೆ, ಅದರ ಕಾಲ ಇನ್ನೂ ಕಡಿಮೆ. ಬೊಬ್ಬೆ ಒಡೆದ ಪಾದಕ್ಕೆ, ಕೆರೆದು ಗಾಯವಾದ ಜಾಗಕ್ಕೆ ಮುಲಾಮು ಬೇಡ. ಚಿಕ್ಕಮಕ್ಕಳ ಕೈಗೆ ಹಚ್ಚಬೇಡಿ, ಬಾಯಿಗೆ ಹೋಗುತ್ತದೆ.

ಕೌದಳ್ಳಿ ದಾಟಿದ ಮೇಲೆ ಲೋಕವೇ ಬೇರೆ. ಗದ್ದೆ ಹೋಗಿ ಕುರುಚಲು, ಬಿದಿರು, ಎಲೆ ಉದುರಿದ ಒಣಗಾಡು ಬರುತ್ತದೆ. 2013ರಿಂದ ಆ ಕಾಡು ಮಲೆ ಮಹದೇಶ್ವರ ವನ್ಯಜೀವಿಧಾಮ. ಆನೆ, ಚಿರತೆಯ ಭಯ ಎಲ್ಲರಿಗೂ ಇದೆ, ಇರಲೂ ಬೇಕು. ಅರಣ್ಯ ಇಲಾಖೆಯವರು ಹೇಳಿದ ಹೊತ್ತಿನಲ್ಲೇ ನಡೆಯಿರಿ. ಕಣ್ಣಿಗೆ ಬೀಳದ ಉಣ್ಣೆಯ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ.

ಹಸುವಿನ ಕಿವಿಯಲ್ಲಿ ಗೋಲಿಯ ಹಾಗೆ ಊದಿಕೊಂಡ ಉಣ್ಣೆಯನ್ನು ಎಲ್ಲರೂ ಕಂಡಿದ್ದೇವೆ. ಕಾಡಿನಲ್ಲಿ ನಮಗೆ ಹತ್ತುವುದು ಅದರ ಮರಿ, ಎಳ್ಳಿಗಿಂತ ಸಣ್ಣದು. ಒಣಗಿದ ಎಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಕಾಲು ಚಾಚಿ ಕಾದಿರುತ್ತದೆ. ದನ ಕಟ್ಟುವ ದೊಡ್ಡಿಗಳ ಸುತ್ತ, ಕಾಡುಪ್ರಾಣಿ ಓಡಾಡುವ ಜಾಡಿನಲ್ಲಿ ಹೆಚ್ಚು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದರ ಜೊಲ್ಲಿನಲ್ಲಿ ನೋವು ಮರೆಸುವ ಗುಣವಿದೆ. ಮಲೆನಾಡಿನಲ್ಲಿ ಉಣುಗು ಎಂದು ಕರೆಯುವ ಇದರಿಂದಲೇ ಮಂಗನ ಕಾಯಿಲೆ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಮೊದಲು ಕಂಡ ಕಾಯಿಲೆ ಅದು. ಅದು ಶಿವಮೊಗ್ಗದ ಕಡೆಯದು, ನಮಗೇನು ಅನ್ನಬೇಡಿ. 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತು, ಅಲ್ಲಿ ಕೆಲಸ ಮಾಡುತ್ತಿದ್ದವರಿಗೂ ತಗುಲಿತ್ತು. ಬಂಡೀಪುರವೂ ಮಾದಪ್ಪನ ಬೆಟ್ಟವೂ ಒಂದೇ ಚಾಮರಾಜನಗರ ಜಿಲ್ಲೆಯವು. ಉಣ್ಣೆಮರಿಗಳ ಕಾಟ ಹೆಚ್ಚುವುದು ಮಳೆ ನಿಂತ ಮೇಲೆ, ಬೇಸಿಗೆ ಮುಗಿಯುವವರೆಗೆ. ಶಿವರಾತ್ರಿ, ಯುಗಾದಿ ಎರಡೂ ಅದರ ನಡುವೆಯೇ ಬರುತ್ತವೆ. ಈ ಕಾಯಿಲೆಗೆಂದೇ ಬೇರೆ ಔಷಧಿಯಿಲ್ಲ. ಬೇಗ ಸೇರಿಸಿದರೆ ಆರೈಕೆಯಿಂದ ಬಹುಪಾಲು ಜನ ಉಳಿಯುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಹಾಗಾಗಿ ಜ್ವರ ಬಂದವರನ್ನು ದೂರ ಇಡುವ ಮಾತು ಬೇಡ. ದಾರಿಯಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಆಂಜನೇಯನ ರೂಪ ಎಂದು ಅರಿಸಿನ ಕುಂಕುಮ ಹಚ್ಚಿ ಮಣ್ಣು ಮಾಡುವುದಕ್ಕೂ ಹೋಗಬೇಡಿ. ಅರಣ್ಯ ಇಲಾಖೆಯವರಿಗೆ ಹೇಳಿ ಮುಂದೆ ನಡೆಯಿರಿ.

ಇನ್ನೊಂದು ಜ್ವರವಿದೆ, ಸ್ಕ್ರಬ್ ಟೈಫಸ್ ಎಂದು. ಪೊದೆಯಲ್ಲಿರುವ ಕಣ್ಣಿಗೆ ಕಾಣದಂಥ ಕೆಂಪು ನುಸಿಯ ಮರಿ ಕಚ್ಚಿ ಬರುತ್ತದೆ. ಕಚ್ಚಿದ ಜಾಗದಲ್ಲಿ ಬೀಡಿ ತಾಗಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಏಳುತ್ತದೆ, ನೋವೂ ಇಲ್ಲ, ತುರಿಕೆಯೂ ಇಲ್ಲ. ಅದಿರುವುದೂ ಕಂಕುಳು, ತೊಡೆಸಂದು, ಎದೆಯ ಕೆಳಗೆ, ಹೀಗೆ ಮುಚ್ಚಿದ ಜಾಗದಲ್ಲಿ. ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಲ್ಲಿ ವಾಸಿಯಾಗುವ ಜ್ವರ ಅದು. ಗೊತ್ತಾಗದೆ ದಿನ ಕಳೆದರೆ ಶ್ವಾಸಕೋಶ, ಮೂತ್ರಪಿಂಡ ಹಾಳಾಗುತ್ತವೆ. ಕಾಡಿಗೆ ಹೋಗಿದ್ದೆ ಎಂಬ ಒಂದು ಮಾತು ಆ ಮಾತ್ರೆಯನ್ನು ಎರಡು ದಿನ ಮುಂಚೆ ಬರೆಸುತ್ತದೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ತಾಳುಬೆಟ್ಟದಿಂದ ಮೇಲೆ ಬಹಳ ಜನ ಟಾರು ರಸ್ತೆ ಬಿಟ್ಟು ಅಡ್ಡದಾರಿ ಹಿಡಿಯುತ್ತಾರೆ. ಕಾಲುದಾರಿಯ ನಡುವೆ ನಡೆದರೆ ಉಣ್ಣೆ ಹತ್ತುವುದು ಕಡಿಮೆ. ಹತ್ತುವುದು ದಣಿವಾರಿಸಿಕೊಳ್ಳಲು ಒಣ ಎಲೆಯ ಮೇಲೆ ಕೂತಾಗ, ಚೀಲವನ್ನು ಪೊದೆಗೆ ಒರಗಿಸಿದಾಗ, ಬಹಿರ್ದೆಸೆಗೆ ಪೊದೆಯೊಳಗೆ ಹೋದಾಗ. ಅದರಲ್ಲೂ ಹೆಣ್ಣುಮಕ್ಕಳು ಮರೆ ಹುಡುಕಿಕೊಂಡು ಇನ್ನೂ ಒಳಗೆ ಹೋಗಬೇಕಾಗುತ್ತದೆ. ತಾಳುಬೆಟ್ಟದಲ್ಲಿ ಸಾಲು ಎಷ್ಟೇ ಉದ್ದವಿರಲಿ ಶೌಚಾಲಯ ಬಳಸಿಕೊಂಡೇ ಮೇಲೆ ಹತ್ತಿ. ಗುಂಪಿನ ಗಂಡಸರು ಅವಸರ ಮಾಡದೆ ಅವರಿಗಾಗಿ ಕಾಯಬೇಕು. ಕೂರಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ, ಇಲ್ಲವೇ ಬಂಡೆಯ ಮೇಲೆ ಕೂರಿ. ಪಂಚೆ ಮೇಲೆತ್ತಿ ಕಟ್ಟುವುದು ಗದ್ದೆ ಬಯಲಿಗೆ ಸರಿ, ಕಾಡಿನಲ್ಲಿ ಇಳಿಬಿಡಿ. ಪ್ಯಾಂಟು ತೊಟ್ಟವರು ಕಾಲುಚೀಲದೊಳಗೆ ಸಿಕ್ಕಿಸಿ. ಬರಿಗಾಲಿನ ಹರಕೆಯವರು ಪಾದದಿಂದ ಮಂಡಿಯವರೆಗೆ ಮುಲಾಮು ಹಚ್ಚಿ. ಬಿಳಿ ಬಟ್ಟೆಯಾದರೆ ಹತ್ತಿದ್ದು ಕಾಣುತ್ತದೆ.

ಬೆಟ್ಟ ಸೇರಿದ ಮೇಲೆ ದರ್ಶನಕ್ಕೆ ಮುಂಚೆ ಹೇಗೂ ಸ್ನಾನ ಮಾಡುತ್ತೀರಿ. ಆಗ ಕೈಯಾಡಿಸಿ ನೋಡಿಕೊಳ್ಳಿ. ಕಿವಿಯ ಹಿಂದೆ, ಕೂದಲ ಅಂಚು, ಕಂಕುಳು, ಹೊಕ್ಕುಳು, ಮಂಡಿಯ ಹಿಂಭಾಗ, ತೊಡೆಸಂದು. ಉಡಿದಾರದ ಕೆಳಗೆ ಮರೆಯದೆ ನೋಡಿ, ಅಲ್ಲಿ ಕಚ್ಚಿಕೊಂಡರೆ ದಿನಗಟ್ಟಲೆ ಗೊತ್ತಾಗುವುದಿಲ್ಲ. ಸಿಕ್ಕಿದರೆ ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು, ಸುಣ್ಣ ಹಚ್ಚುವುದು ಯಾವುದೂ ಬೇಡ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ನಮ್ಮ ಮೈಯೊಳಗೇ ಕಾರಬಹುದು. ಚೂಪು ತುದಿಯ ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೋಪಿನಲ್ಲಿ ತೊಳೆಯಿರಿ. ತೆಗೆದ ಉಣ್ಣೆಯನ್ನು ಹೇನು ಕುಕ್ಕಿದ ಹಾಗೆ ಉಗುರಲ್ಲಿ ಕುಕ್ಕಬೇಡಿ, ಅಂಟುಪಟ್ಟಿಗೆ ಮೆತ್ತಿ ಮಡಚಿ ಎಸೆಯಿರಿ. ಮನೆಗೆ ಬಂದ ಮೇಲೆ ಚೀಲವನ್ನು ಒಳಗೆ ತರದೆ ಅಂಗಳದಲ್ಲೇ ಬಿಸಿಲಿಗೆ ಒದರಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಹೆಜ್ಜೇನು ಬೇರೆಯೇ ಅಪಾಯ, ಅದಕ್ಕೆ ವಾರಗಟ್ಟಲೆ ಕಾಯುವ ತಾಳ್ಮೆಯಿಲ್ಲ. ಮುತ್ತುಗ ಹೂ ಬಿಡುವ ಕಾಲವಿದು, ದೊಡ್ಡ ಮರದ ಕೊಂಬೆಗೆ, ನೀರಿನ ಟ್ಯಾಂಕಿನ ತಳಕ್ಕೆ, ಸೇತುವೆಯ ಅಡಿಗೆ ಗೂಡು ಕಟ್ಟಿರುತ್ತವೆ. ಅಡುಗೆಗೆ ಒಲೆ ಹೂಡುವವರು ಮೊದಲು ತಲೆಯೆತ್ತಿ ಮರ ನೋಡಿ. ಗೂಡಿನ ಕೆಳಗೆ ಹೊಗೆಯೆದ್ದರೆ ಊರಿಗೆ ಊರೇ ಓಡಬೇಕಾಗುತ್ತದೆ. ಪಟಾಕಿ ಹೊಡೆಯುವುದನ್ನು ಊರ ಬಾಗಿಲಲ್ಲೇ ಮುಗಿಸಿ. ಕಾಡಿನೊಳಗಂತೂ ಬೆಂಕಿಯೇ ಬೇಡ, ಈ ತಿಂಗಳುಗಳಲ್ಲಿ ಒಂದು ಕಿಡಿ ಸಾಕು. ಜೇನು ಎದ್ದರೆ ಕೈ ಬೀಸಿ ಹೊಡೆಯಬೇಡಿ. ಒಂದು ಚುಚ್ಚಿದರೆ ಅದರ ವಾಸನೆ ಉಳಿದವನ್ನೂ ಕರೆಯುತ್ತದೆ. ಟವಲಿನಿಂದ ತಲೆ ಮುಖ ಮುಚ್ಚಿಕೊಂಡು ದೂರ ಓಡಿ, ಮನೆಯೋ ವಾಹನವೋ ಸಿಕ್ಕರೆ ಒಳಸೇರಿ. ಮುಳ್ಳನ್ನು ತಡಮಾಡದೆ ಉಗುರಲ್ಲಿ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ನಾಲಗೆ ತುಟಿ ಊದಿಕೊಂಡರೆ, ಮೈತುಂಬ ದದ್ದು ಎದ್ದು ತಲೆ ತಿರುಗಿದರೆ, ಬಹಳ ಜೇನು ಚುಚ್ಚಿದ್ದರೆ, ಆ ಕ್ಷಣವೇ 108ಕ್ಕೆ ಕರೆ ಮಾಡಿ. ಪಾನಕದ, ಕಬ್ಬಿನಹಾಲಿನ ಲೋಟಕ್ಕೆ ಕಣಜ ಇಳಿದಿರುತ್ತದೆ, ನೋಡಿ ಕುಡಿಯಿರಿ. ಗಂಟಲಲ್ಲಿ ಚುಚ್ಚಿದರೆ ಉಸಿರಿನ ದಾರಿಯೇ ಮುಚ್ಚಬಹುದು.

ಕಚ್ಚಿ ತುರಿಸುವ ಜಾಗಕ್ಕೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಸಾಕು. ಸಿಟ್ರಿಜಿನ್ ಮಾತ್ರೆ ತುರಿಕೆ ನಿಲ್ಲಿಸುತ್ತದೆ, ಆದರೆ ಕೆಲವರಿಗೆ ತೂಕಡಿಕೆ ತರುತ್ತದೆ. ಅದನ್ನು ನುಂಗಿ ರಾತ್ರಿ ಹೆದ್ದಾರಿಯಲ್ಲಿ ನಡೆಯಬೇಡಿ, ಮಲಗುವ ಮುಂಚೆ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯವರು ಕೆರೆದುಕೊಳ್ಳಲೇಬೇಡಿ, ಹೊರಡುವ ಮುಂಚೆ ಉಗುರು ಕತ್ತರಿಸಿಕೊಳ್ಳಿ.

ಕೊನೆಯದಾಗಿ ಗುಂಪಿನ ಯಜಮಾನರಲ್ಲಿ ಒಂದು ಕೋರಿಕೆ. ಟೆಂಪೋ ಬಾಡಿಗೆ, ಅಕ್ಕಿ ಬೇಳೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ನಾಲ್ಕು ಹಾಳೆ ಬಿಟ್ಟು, ಬರುವವರೆಲ್ಲರ ಹೆಸರು, ಫೋನ್ ನಂಬರು ಬರೆದುಕೊಳ್ಳಿ. ಬೆಟ್ಟದಿಂದ ಬಂದ ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೊಂದನೇ ದಿನ ಒಬ್ಬೊಬ್ಬರಿಗೂ ಫೋನ್ ಮಾಡಿ ಜ್ವರ ಇದೆಯೇ ಕೇಳಬೇಕು. ಒಂಟಿಯಾಗಿರುವ ವಯಸ್ಸಾದವರ ಮನೆಗೆ ಹೋಗಿಯೇ ಕೇಳಬೇಕು. ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ವರ್ಷ ಆ ಕೆಲಸವನ್ನು ನನಗೆ ಬಿಡಿ. ಹೊರಡುವ ಹಿಂದಿನ ಭಾನುವಾರ ಸಂಜೆ ಶಾಲೆಯ ಹತ್ತಿರ ಪುಸ್ತಕ ಹಿಡಿದು ಕೂತಿರುತ್ತೇನೆ. ಚಿಮುಟ ಹಿಡಿಯುವ ರೀತಿಯನ್ನೂ ತೋರಿಸುತ್ತೇನೆ, ಮಕ್ಕಳ ತಾಯಿ ಕಾರ್ಡು ತನ್ನಿ.

ಉಘೇ ಮಾದಪ್ಪ.

ಇತಿ,
ನಿಮ್ಮ ಊರಿನವನೇ ಆದ ಒಬ್ಬ ನಿವೃತ್ತ ಆರೋಗ್ಯ ಸಹಾಯಕ
ಹನಕೆರೆ